ಆಧಾರವಾವುದು, ಆಧೇಯವಾವುದು?

ಬಹುದಿನಗಳ ಮೇಲೆ ಕಂಡ ಬಂಧುಗಳನ್ನು ನೋಡಿ, "ಈಗ ಸ್ವಲ್ಪ ಮೈ ತುಂಬಿಕೊಂಡಿದೆ" ಎಂದು ಹೇಳುವುದು ನಮ್ಮ ಕಡೆಯ ಕುಶಲಪ್ರಶ್ನೆಯ ಒಂದು ಅಂಗವೇ ಆಗಿರುವುದನ್ನು ವಾಚಕರು ಬಲ್ಲರು. ಕ್ಷಾಮಡಾಮರಗಳನ್ನು ಕಂಡು ಬಂದ ನಮ್ಮ ಹಿರಿಯರಿಗೆ ದೇಹಪುಷ್ಟಿಯೆಂದರೆ ಮನೆಯ ಕಣಜದಲ್ಲಿ ಬತ್ತವುಂಟೆಂಬುದರ ಸಾಕ್ಷಿ. ಆ ಮಾತನ್ನಾಡುವವರ ಮನಸ್ಸಿನಲ್ಲಿ ಸಂತೋಷವಲ್ಲದೆ ಬೇರೇನೂ ಇರುವುದಿಲ್ಲ. ೨೦೨೩ನೆಯ ಇಸವಿಯ ಜೂನ್ ತಿಂಗಳಲ್ಲಿ, ಅಮೆರಿಕ ದೇಶದ ಟೆಕ್ಸಸ್ ಪ್ರಾಂತಕ್ಕೆ ಸೇರಿದ ಡಲ್ಲಾಸ್ ನಗರದ ವಿಮಾನನಿಲ್ದಾಣದಲ್ಲಿ, ನಾಲ್ಕು ವರ್ಷಗಳ ಮೇಲೆ ಕಂಡ ನಮ್ಮ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ನಾವೂ ಅದನ್ನೇ ಆಡಿದೆವು. ಹನ್ನೆರಡು ವರ್ಷದ ಆ ಮಗು ನಕ್ಕು, ನಮ್ಮ ಕೈಚೀಲವನ್ನು ತೆಗೆದುಕೊಂಡು ಮುಂದೆ ನಡೆಯಿತು. ಆ ನಗೆಯಲ್ಲಿ ಏನೋ ಕೊರತೆಯಿತ್ತೆಂಬುದು ನಮಗೆ ಆಗ ತೋರಲಿಲ್ಲ. ಮೂವತ್ತನಾಲ್ಕು ವರ್ಷ ಹುಡುಗರ ಮುಖವನ್ನು ನೋಡಿಕೊಂಡೇ ಅನ್ನ ಸಂಪಾದಿಸಿದವರಿಗೆ ತೋರಬೇಕಾಗಿತ್ತು.

ಆಕೆಯು ಅಲ್ಲಿ ಚಿಯರ್‌ಲೀಡಿಂಗ್ ಎಂಬುದನ್ನು ಕಲಿಯುತ್ತಿರುವಳೆಂದು ಮಗನು ಮೊದಲೇ ತಿಳಿಸಿದ್ದನು. ಕೇಳಿ ನಾವು ಹರ್ಷಪಟ್ಟಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ೨೦೦೮ನೆಯ ಏಪ್ರಿಲ್ ೧೮ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಪಂದ್ಯಗಳು ಮೊದಲಾದಾಗ, ನಮ್ಮ ಬೆಂಗಳೂರಿನ ತಂಡದವರು ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ನರ್ತಕಿಯರನ್ನು ಕರೆಸಿದ್ದರಷ್ಟೆ. ಚೆಂಡು ಗಡಿ ದಾಟಿದಾಗಲೆಲ್ಲ ಕುಣಿಯುವುದೇ ಆ ವಿದ್ಯೆಯ ಸರ್ವಸ್ವವೆಂದು ನಾವು ತಿಳಿದಿದ್ದೆವು. ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಅದನ್ನು ಖಂಡಿಸಿ ಮಾತನಾಡಿದವರಲ್ಲಿ ನಾವೂ ಒಬ್ಬರು. ಪೂರ್ವಪಕ್ಷವನ್ನು ಅರಿಯದೆ ಖಂಡನೆಗೆ ಹೊರಡುವುದು ಶಾಸ್ತ್ರವನ್ನು ಓದಿದವರಿಗೆ ಶೋಭಿಸದ ಕೆಲಸ; ಆದರೂ ಮಾಡಿದೆವು.

ಅಲ್ಲಿ ಹೋಗಿ ನೋಡಿದಮೇಲೆ ತಿಳಿದುದೇನೆಂದರೆ, ಇದು ಮೊದಲು ಗಂಡಸರ ವಿದ್ಯೆಯಾಗಿತ್ತು. ೧೮೯೮ನೆಯ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿಯು ಸೋಲುತ್ತಿದ್ದ ತನ್ನ ತಂಡವನ್ನು ಹುರಿದುಂಬಿಸುವುದಕ್ಕಾಗಿ ಜನಸಮೂಹದ ಎದುರಿಗೆ ನಿಂತು ಘೋಷ ಹಾಕಿಸಿದನಂತೆ. ಅದೇ ಇದರ ಆರಂಭವೆಂದು ಎಣಿಸುತ್ತಾರೆ. ಹೆಂಗಸರಿಗೆ ಅದೇ ವಿದ್ಯಾನಿಲಯದಲ್ಲಿ ಪ್ರವೇಶ ದೊರೆತುದು ೧೯೨೩ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ತರುಣರೆಲ್ಲ ಹೊರಟುಹೋದಮೇಲೆ ಇದು ಬಹುಮಟ್ಟಿಗೆ ಹುಡುಗಿಯರ ಪಾಲಾಯಿತು. ಆ ದೇಶದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರೂ ಕಿರಿಯ ಬುಷ್ ಅವರೂ ತಮ್ಮ ವಿದ್ಯಾರ್ಥಿದೆಸೆಯಲ್ಲಿ ಚಿಯರ್‌ಲೀಡರುಗಳಾಗಿದ್ದರೆಂದು ಕೇಳಿ ನಮ್ಮ ಮನೆಯವರು ಬಾಯಿಯ ಮೇಲೆ ಬೆರಳಿಟ್ಟರು. ೧೯೪೮ರಲ್ಲಿ ಲಾರೆನ್ಸ್ ಹರ್ಕಿಮರ್ ಎಂಬುವರು ಟೆಕ್ಸಸ್ಸಿನ ಹಂಟ್ಸ್‌ವಿಲ್ ಎಂಬಲ್ಲಿ ಇದಕ್ಕೆಂದೇ ಮೊದಲ ಶಿಬಿರವನ್ನು ನಡೆಸಿದರು. ಮುಂದೆ ಲಾಗ ಹಾಕುವುದು, ಒಬ್ಬರನ್ನೊಬ್ಬರು ಎತ್ತುವುದು, ಎಸೆದು ಹಿಡಿಯುವುದು ಎಲ್ಲ ಸೇರಿಕೊಂಡು, ಹುರಿದುಂಬಿಸುವ ಕೆಲಸವೇ ಹಿಂದೆ ಬಿದ್ದು, ಇದು ಸ್ವತಂತ್ರವಾದ ಸ್ಪರ್ಧೆಯೇ ಆಯಿತು. ೨೦೨೧ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು ಇದರ ವಿಶ್ವಸಂಸ್ಥೆಗೆ ಪೂರ್ಣ ಮನ್ನಣೆಯನ್ನು ಕೊಟ್ಟಿದ್ದಾರೆ. ನಮ್ಮ ಮೊಮ್ಮಗಳು ಕಲಿಯುತ್ತಿದ್ದುದು ಒಂದು ಖಾಸಗಿ ವ್ಯಾಯಾಮಶಾಲೆಯಲ್ಲಿ. ಅಲ್ಲಿ ಯಾವ ಫುಟ್‌ಬಾಲೂ ಇಲ್ಲ. ೫೪ ಅಡಿ ಉದ್ದ, ೪೨ ಅಡಿ ಅಗಲದ ಮೆತ್ತೆಯ ಮೇಲೆ ಎರಡೂವರೆ ನಿಮಿಷಗಳ ಪ್ರದರ್ಶನ, ಅಷ್ಟೇ.

ಇದರಲ್ಲಿ ಎತ್ತುವ ವರಸೆಗಳಿಗೆ ಸ್ಟಂಟ್ ಎಂದು ಹೆಸರು. ಸಾಮಾನ್ಯವಾಗಿ ನಾಲ್ವರು ಸೇರಿ ಒಂದು ಗುಂಪು. ಎದುರುಬದುರಾಗಿ ನಿಲ್ಲುವ ಇಬ್ಬರು ಬೇಸ್‌ಗಳು. ಇವರ ಅಂಗೈಗಳ ಮೇಲೆ ಪಾದವಿಟ್ಟು ಮೇಲೇರುವವಳು ಫ್ಲೈಯರ್, ಎಂದರೆ ಹಾರುವವಳು. ಹಿಂದುಗಡೆ ನಿಂತು ಅವಳ ಹರಡುಗಳನ್ನು ಹಿಡಿದು ಮೇಲಕ್ಕೆಳೆಯುವವಳು ಬ್ಯಾಕ್‌ಸ್ಪಾಟ್. ಫ್ಲೈಯರಳು ಬೀಳುವಾಗ ಅಥವಾ ಬೇಕೆಂದೇ ಕೆಳಕ್ಕೆ ಜಾರುವಾಗ ಬೇಸ್‌ಗಳಿಬ್ಬರೂ ಬೆನ್ನನ್ನೂ ತೊಡೆಗಳನ್ನೂ ತೋಳಿನಲ್ಲಿ ತಡೆಯಬೇಕು. ಹಿಂದಿನವಳು ಕಂಕುಳಿಗೆ ಕೈಕೊಟ್ಟು ತಲೆ ಕುತ್ತಿಗೆಗಳನ್ನು ಕಾಯಬೇಕು. ಮೊದಲು ಭುಜದ ಮಟ್ಟಕ್ಕೆ, ಆಮೇಲೆ ಕೈಚಾಚಿದಷ್ಟು ಎತ್ತರಕ್ಕೆ ಎತ್ತುತ್ತಾರೆ. ಅಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವ ಭಂಗಿಯೊಂದಕ್ಕೆ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯಿಂದ ಲಿಬರ್ಟಿ ಎಂದು ಹೆಸರು ಬಂದಿದೆ.

ಎಲ್ಲರ ಕಣ್ಣೂ ಮೇಲಿರುವವಳ ಮೇಲೆ. ಭಾವಚಿತ್ರದಲ್ಲಿ ಕಾಣುವುದು ಅವಳ ಮುಖ, ಕೆಳಗಿನವರದು ಬೆನ್ನು. ಎರಡು ವರ್ಷ ಆ ಸ್ಥಾನದಲ್ಲಿದ್ದವಳು ನಮ್ಮ ಮೊಮ್ಮಗಳು. ಆ ಚಿತ್ರಗಳು ನಮ್ಮ ಮೊಬೈಲಿಗೆ ಬಂದಾಗಲೆಲ್ಲ ಅವಳ ಅಜ್ಜಿಯು ಕಣ್ಣುಮುಚ್ಚಿಕೊಂಡು, "ಇಳಿದಳೇ ನೋಡಿ" ಎಂದು ನಮ್ಮನ್ನು ಕೇಳುತ್ತಿದ್ದಳು. ಆದರೆ ಆ ಒಂದು ವರ್ಷದಲ್ಲಿ ಮಗು ಮೂರು ಅಂಗುಲ ಬೆಳೆದಿತ್ತು. ತೂಕವೂ ಅದಕ್ಕೆ ತಕ್ಕಂತೆ ಏರಿತ್ತು. ಮೇ ತಿಂಗಳ ಆಯ್ಕೆಯಲ್ಲಿ ಅವಳನ್ನು ಬೇಸ್ ಸ್ಥಾನಕ್ಕೆ ಇಳಿಸಿ, ಹತ್ತು ವರ್ಷದ ಒಂದು ಪುಟ್ಟ ಹುಡುಗಿಯನ್ನು ಮೇಲಕ್ಕೆ ತೆಗೆದುಕೊಂಡರು. "ಇಳಿಸಿ" ಎಂಬ ಶಬ್ದ ನಮ್ಮದಲ್ಲ, ಆ ಮಗುವಿನದು. ಇದಾದ ಮೂರನೆಯ ವಾರಕ್ಕೆ ನಾವು ಹೋಗಿ, ತಲೆಯ ಮೇಲೆ ಕೈಯಿಟ್ಟು, ಮೈ ತುಂಬಿದೆಯೆಂದು ಆಶೀರ್ವದಿಸಿದುದು.

ಮೊದಲು ಕಂಡುಹಿಡಿದವಳು ನಮ್ಮ ಗೃಹಿಣಿ. ಬಡಿಸಿದ ಅನ್ನವು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರಯಾಣಮಾಡುತ್ತಿತ್ತೇ ಹೊರತು ಬಾಯಿಗೆ ಹೋಗುತ್ತಿರಲಿಲ್ಲ. ಬೆಳಗ್ಗೆ ಹಸಿವಿಲ್ಲ, ಮಧ್ಯಾಹ್ನ ಗೆಳತಿಯ ಮನೆಯಲ್ಲಿ ಆಯಿತು, ರಾತ್ರಿ ಹೊಟ್ಟೆನೋವು. ಸ್ನಾನದ ಕೋಣೆಯಲ್ಲಿ ತೂಕದ ಯಂತ್ರವೊಂದಿತ್ತು. ಅದರ ಮೇಲೆ ಮಗುವು ದಿನಕ್ಕೆ ಮೂರು ನಾಲ್ಕು ಸಲ ಹತ್ತಿ ಇಳಿಯುವ ಸಣ್ಣ ಸದ್ದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ನಮಗೆ ಕೇಳುತ್ತಿತ್ತು. ತಂದೆತಾಯಿಗಳಿಬ್ಬರೂ ಉದ್ಯೋಗಸ್ಥರು, ದಿನವೆಲ್ಲ ಹೊರಗೆ. ನಾವಾದರೋ, ಈ ದೇಶದ ಮಕ್ಕಳು ಊಟಮಾಡುವ ರೀತಿಯೇ ಇದಿರಬಹುದೆಂದು ಸುಮ್ಮನಿದ್ದೆವು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ನಾವು ಅಧ್ಯಾಪಕರಾಗಿದ್ದ ಶಾಲೆಯೊಂದರಲ್ಲಿ ಆಗಸ್ಟ್ ೧೫ರಂದು ಹುಡುಗರ ಗೋಪುರವನ್ನು ಕಟ್ಟಿಸುವ ರೂಢಿಯಿತ್ತು. ಕೆಳಗೆ ಐವರು, ಅವರ ಮೇಲೆ ಮೂವರು, ತುದಿಯಲ್ಲಿ ಬಾವುಟ ಹಿಡಿದ ಒಬ್ಬ ಸಣಕಲ. ಕೆಳಸಾಲಿನ ನಡುವೆ ಪ್ರತಿವರ್ಷವೂ ಒಬ್ಬ ಸ್ಥೂಲಕಾಯದ ಹುಡುಗನನ್ನು ಮಂಡಿಯೂರಿಸುತ್ತಿದ್ದೆವು. ಅವನಿಗೆ "ಅಡಿಗಲ್ಲು" ಎಂಬ ಅಡ್ಡಹೆಸರನ್ನು ಇಟ್ಟವರೂ ನಾವೇ. ಒಂದು ಸಂಜೆ ಅಭ್ಯಾಸವಾದಮೇಲೆ ಅವನು, "ಸಾರ್, ಒಂದೇ ಒಂದು ಸಲ ನಾನು ಬಾವುಟ ಹಿಡಿಯಲೇ?" ಎಂದು ಕೇಳಿದನು. "ನೀನು ಹತ್ತಿದರೆ ಕೆಳಗಿನವರು ಪಾತಾಳಕ್ಕೆ ಇಳಿದಾರಪ್ಪ" ಎಂದೆವು. ಹುಡುಗರೆಲ್ಲ ನಕ್ಕರು, ಅವನೂ ನಕ್ಕನು. ಮರುವರ್ಷ ಆಗಸ್ಟ್ ೧೫ಕ್ಕೆ ಅವನು ಬರಲಿಲ್ಲ. ಜ್ವರವೆಂದು ಚೀಟಿ ಕಳುಹಿಸಿದ್ದನು. ವಿಮಾನನಿಲ್ದಾಣದಲ್ಲಿ ನಾವು ಕಂಡೂ ಕಾಣದ ನಗೆಯು ಅದೇ ನಗೆಯೆಂಬುದು ಬಹಳ ತಡವಾಗಿ ಹೊಳೆಯಿತು.

ಸೆಪ್ಟೆಂಬರಿನ ಒಂದು ಸಂಜೆ ನಾವು ವ್ಯಾಯಾಮಶಾಲೆಯ ಗಾಜಿನ ಗೋಡೆಯ ಹೊರಗೆ ಕುಳಿತಿದ್ದೆವು. ಆ ಪುಟ್ಟ ಹುಡುಗಿಯು ಭುಜದ ಮಟ್ಟದಿಂದ ಮೇಲಕ್ಕೇರುತ್ತಿದ್ದಳು. ಬಲಗಡೆಯ ಬೇಸ್ ನಮ್ಮ ಮೊಮ್ಮಗಳು. ಅವಳ ತೋಳುಗಳು ನಡುಗಿದುದನ್ನು ನಾವೇ ಕಂಡೆವು, ಮುಖವು ಬಿಳುಚಿಕೊಂಡಿತು, ಮೊಣಕಾಲು ಮಡಚಿತು. ಒಂದು ಪಾದದ ಕೆಳಗಿನ ಆಸರೆ ತಪ್ಪಿ ಮೇಲಿದ್ದವಳು ಓರೆಯಾಗಿ ಹಿಂದಕ್ಕೆ ಬಿದ್ದಳು. ಬ್ಯಾಕ್‌ಸ್ಪಾಟ್ ಹುಡುಗಿಯು, ದೇವರು ಅವಳಿಗೆ ಒಳ್ಳೆಯದು ಮಾಡಲಿ, ಆ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ತಾನೂ ಕುಸಿದು ಕುಳಿತಳು. ಮೊಣಕೈ ತರಚಿದುದನ್ನು ಬಿಟ್ಟರೆ ಬಿದ್ದವಳಿಗೆ ಏನೂ ಆಗಲಿಲ್ಲ. ಆದರೆ ನಮ್ಮ ಮಗುವು ಮೆತ್ತೆಯ ಮೇಲೆ ಕುಳಿತು ಎರಡು ಕೈಗಳಿಂದಲೂ ಮುಖವನ್ನು ಮುಚ್ಚಿಕೊಂಡಿತ್ತು. ಬೆಳಗಿನಿಂದ ಅದರ ಹೊಟ್ಟೆಗೆ ಒಂದು ಸೇಬಿನ ಅರ್ಧವೂ ನೀರೂ ಹೊರತು ಬೇರೇನೂ ಬಿದ್ದಿರಲಿಲ್ಲ.

ಅವರ ಶಿಕ್ಷಕಿಯು ಬೈಯಲಿಲ್ಲ. ಮೊದಲು ಒಂದು ಬಾಳೆಯ ಹಣ್ಣನ್ನು ತಿನ್ನಿಸಿದಳು. ಎರಡು ವಾರ ಎತ್ತುವ ಕೆಲಸ ಬೇಡವೆಂದಳು. ಆಮೇಲೆ ನಮ್ಮನ್ನೂ ಒಳಗೆ ಕರೆದು ಕೂರಿಸಿದಳು. ಆಕೆಯು ತಾನೇ ಕಾಲೇಜಿನಲ್ಲಿ ಬೇಸ್ ಆಗಿದ್ದವಳು. ಆಕೆ ಹೇಳಿದುದನ್ನು ನಮ್ಮ ಭಾಷೆಯಲ್ಲಿ ಬರೆಯುತ್ತೇವೆ. ಗಾತ್ರವು ಲೆಕ್ಕಕ್ಕೇ ಇಲ್ಲವೆಂದು ಆಕೆ ಹೇಳಲಿಲ್ಲ. ಹೇಳಿದ್ದರೆ ನಾವು ನಂಬುತ್ತಲೂ ಇರಲಿಲ್ಲ. ಎತ್ತುವವರಿಗಿಂತ ಏರುವವಳು ಬಹಳ ಭಾರವಾದರೆ ಎತ್ತುವವರ ಮಣಿಕಟ್ಟೂ ಸೊಂಟವೂ ಕೆಡುತ್ತವೆ. ಬೆಳೆಯುವ ಮಕ್ಕಳಲ್ಲಂತೂ ಇದನ್ನು ನೋಡಲೇಬೇಕು. ಆದರೆ ಆ ಭಾರವು ಯಾವಾಗಲೂ ಸಾಪೇಕ್ಷವಾದುದು. ಇಷ್ಟು ತೂಕದವಳು ಮೇಲೆ, ಇಷ್ಟು ತೂಕದವಳು ಕೆಳಗೆ ಎಂಬ ಪಟ್ಟಿ ಎಲ್ಲಿಯೂ ಇಲ್ಲ. ಒಂದು ಗುಂಪಿನಲ್ಲಿ ಹಾರುವವಳು ಇನ್ನೊಂದು ಗುಂಪಿನಲ್ಲಿ ಹೊರುವವಳಾಗಬಹುದು. ಅದೇ ಅಂಗಣದ ಆಚೆಯ ಮೂಲೆಯಲ್ಲಿ, ತನ್ನ ಇಬ್ಬರು ಬೇಸ್‌ಗಳಿಗಿಂತಲೂ ಒಂದು ಗೇಣು ಎತ್ತರವಾದ ಹುಡುಗಿಯೊಬ್ಬಳು ನೆಟ್ಟ ಕಂಬದಂತೆ ಮೇಲೆ ನಿಂತಿದ್ದುದನ್ನು ಆಕೆ ಬೆರಳಿನಿಂದ ತೋರಿಸಿದಳು.

ಇದು ಹೇಗೆಂದರೆ, ಮಲಗಿ ನಿದ್ರಿಸುತ್ತಿರುವ ಮಗುವನ್ನು ಎತ್ತಿಕೊಂಡವರೆಲ್ಲರಿಗೂ ಗೊತ್ತು. ಎಚ್ಚರವಾಗಿದ್ದಾಗ ಹಗುರವಾಗಿ ಕಂಕುಳಲ್ಲಿ ಕೂರುವ ಕೂಸು ನಿದ್ರಿಸಿದೊಡನೆ ಕೈಯಿಂದ ಜಾರಿಹೋಗುವಷ್ಟು ಭಾರವಾಗುತ್ತದೆ. ತಕ್ಕಡಿಯಲ್ಲಿ ವ್ಯತ್ಯಾಸವಿಲ್ಲ, ಕೈಗೆ ಮಾತ್ರ ಉಂಟು. ಎಚ್ಚರವಾಗಿರುವ ಮಗು ತನ್ನನ್ನು ತಾನು ಹಿಡಿದುಕೊಂಡಿರುತ್ತದೆ. ಫ್ಲೈಯರಳೂ ಹಾಗೆಯೇ. ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಹಿಡಿದು, ಕೆಳಗೆ ನೋಡದೆ, ತನ್ನ ತೂಕವನ್ನು ಪಾದಗಳ ಮಧ್ಯಕ್ಕೆ ತಂದುಕೊಂಡವಳು ಹಗುರ; ಮೈ ಸಡಿಲಬಿಟ್ಟವಳು ಎಷ್ಟು ತೆಳ್ಳಗಿದ್ದರೂ ಭಾರ. ಅವಳಿಗೆ ಬೇಕಾದುದು ಅಂಗಗಳ ಬಾಗುವಿಕೆ, ಸಮತೋಲ ಮತ್ತು ಧೈರ್ಯ. ಚಿಕ್ಕ ದೇಹ ಸಹಾಯಮಾಡೀತು, ಆದರೆ ಈ ಮೂರರ ಕೆಲಸವನ್ನು ಅದು ಮಾಡಲಾರದು. ಇನ್ನು ಬೇಸ್‌ಗಳು ದಪ್ಪವಿರಬೇಕೆಂಬುದೂ ತಪ್ಪು. ಇಬ್ಬರೂ ಸರಿಸಮವಾದ ಎತ್ತರದವರಾಗಿರಬೇಕು. ಇಲ್ಲದಿದ್ದರೆ ಮೇಲಿನವಳ ಒಂದು ಕಾಲು ಏರು, ಒಂದು ಕಾಲು ತಗ್ಗು. ಎತ್ತುವುದು ತೋಳಿನಿಂದಲ್ಲ, ಕಾಲಿನಿಂದ. ಮೊಣಕಾಲನ್ನು ಒಟ್ಟಿಗೆ ಬಾಗಿಸಿ ಒಟ್ಟಿಗೆ ಏಳುವ ಆ ಕಾಲಗತಿಯಲ್ಲಿ ಅರೆಕ್ಷಣ ತಪ್ಪಿದರೂ ಕೆಲಸ ಕೆಟ್ಟಿತು. ಹಿಂದಿನವಳು ಸಾಧಾರಣವಾಗಿ ಎಲ್ಲರಿಗಿಂತ ಎತ್ತರದವಳು, ಎಲ್ಲರಿಗಿಂತ ನಿಧಾನಸ್ಥೆ. ಲೆಕ್ಕ ಕೂಗುವವಳೂ ಬಹುಮಟ್ಟಿಗೆ ಅವಳೇ.

ಇದೆಲ್ಲವನ್ನೂ ಕೇಳುತ್ತಿದ್ದಾಗ, ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದ ತಾರ್ಕಿಕನ ಕಥೆಯು ನೆನಪಿಗೆ ಬಂದಿತು. ತುಪ್ಪದ ಪಾತ್ರೆಯನ್ನು ಹಿಡಿದು ಹೋಗುತ್ತಿದ್ದ ತರ್ಕಪಂಡಿತನೊಬ್ಬನಿಗೆ, ತುಪ್ಪಕ್ಕೆ ಪಾತ್ರೆಯು ಆಧಾರವೋ, ಪಾತ್ರೆಗೆ ತುಪ್ಪವು ಆಧಾರವೋ ಎಂದು ಸಂದೇಹ ಹುಟ್ಟಿತಂತೆ. ನಿರ್ಣಯಿಸಲೆಂದು ಪಾತ್ರೆಯನ್ನು ಬೋರಲು ಹಾಕಿದನು, ತುಪ್ಪ ಮಣ್ಣುಪಾಲಾಯಿತು. ಅವನನ್ನು ನೋಡಿ ನಕ್ಕಿದ್ದೇವೆ. ಆದರೆ ಈ ನಾಲ್ವರು ಹುಡುಗಿಯರ ವಿಷಯದಲ್ಲಿ ಅವನ ಸಂದೇಹವು ಅಷ್ಟು ಮೂರ್ಖತನದ್ದಾಗಿ ನಮಗೆ ತೋರಲಿಲ್ಲ. ಮೇಲಿನವಳು ತನ್ನನ್ನು ತಾನು ಹಿಡಿದುಕೊಳ್ಳದಿದ್ದರೆ ಕೆಳಗಿನವರ ಬಲವೆಲ್ಲ ವ್ಯರ್ಥ. ಕೆಳಗಿನವಳು ಹಸಿದಿದ್ದರೆ ಮೇಲಿನವಳ ಕುತ್ತಿಗೆಗೆ ಅಪಾಯ. ನಮ್ಮ ಮಗುವು ಹಗುರವಾಗಿ ಮೇಲಕ್ಕೆ ಹೋಗಬೇಕೆಂದು ಮಾಡಿದ ಉಪವಾಸವು ಮೇಲಿದ್ದವಳನ್ನು ಕೆಡವಿತ್ತು.

ಈ ರೋಗವು ನಮ್ಮ ಮನೆಯೊಂದರದೇ ಅಲ್ಲವೆಂಬುದೂ ಆಗ ತಿಳಿಯಿತು. ೨೦೧೨ರಲ್ಲಿ ಅಮೆರಿಕದ ಕಾಲೇಜುಗಳ ಚಿಯರ್‌ಲೀಡರುಗಳನ್ನು ಕುರಿತು ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು ಮೂವರಲ್ಲಿ ಒಬ್ಬರು ಆಹಾರಸಂಬಂಧವಾದ ಮನೋವಿಕಾರಕ್ಕೆ ತುತ್ತಾಗುವ ಅಪಾಯದಲ್ಲಿರುವರೆಂದು ಕಂಡುಬಂದಿತಂತೆ. ಹೊಟ್ಟೆಯ ಭಾಗವನ್ನು ಬಿಟ್ಟು ಹೊಲಿದ ಉಡುಪು ತೊಟ್ಟಾಗ ತಮ್ಮ ದೇಹದ ಮೇಲೆ ಅವರಿಗೆ ಅಸಮಾಧಾನ ಹೆಚ್ಚೆಂದೂ ಅದರಲ್ಲಿ ತಿಳಿದಿತು. ಉಡುಪಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆವು, ಯಾರೂ ಕೇಳಿಸಿಕೊಳ್ಳಲಿಲ್ಲ. ಮಕ್ಕಳ ವೈದ್ಯೆಯ ಮಾತು ಮಾತ್ರ ಎಲ್ಲರಿಗೂ ಹಿಡಿಯಿತು. ಹನ್ನೊಂದರಿಂದ ಹದಿನಾಲ್ಕರವರೆಗಿನ ವಯಸ್ಸಿನಲ್ಲಿ ಹೆಣ್ಣುಮಗುವಿನ ತೂಕವು ಏರುವುದು ದೋಷವಲ್ಲ, ಅದು ಏರದಿದ್ದರೆ ಚಿಂತೆ. ಜೀವಮಾನಕ್ಕೆಲ್ಲ ಬೇಕಾದ ಮೂಳೆಯ ಬಲದ ಬಹುಭಾಗವನ್ನು ದೇಹವು ಈ ಕೆಲವು ವರ್ಷಗಳಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ ಎಂದು ಆಕೆಯು ಮಗುವಿಗೇ ನೇರವಾಗಿ ಹೇಳಿದಳು. ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಅಂಶವು ಕಡಮೆಯಿತ್ತು. ಆಹಾರದ ವಿಷಯವನ್ನೇ ವೃತ್ತಿಯಾಗಿ ತಿಳಿದ ಒಬ್ಬರ ಬಳಿಗೆ ತಿಂಗಳಿಗೆ ಎರಡು ಸಲ ಹೋಗಿಬರುವಂತೆ ಏರ್ಪಾಡಾಯಿತು.

ನಮ್ಮ ಪಾಲಿನ ಕೆಲಸವೊಂದು ಉಳಿದಿತ್ತು. ಒಂದು ಭಾನುವಾರ ಮಧ್ಯಾಹ್ನ, ಅಜ್ಜಿಯು ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ, ಅಡಿಗೆಮನೆಯ ಮೇಜಿನ ಬಳಿ ಮಗುವನ್ನು ಕೂರಿಸಿಕೊಂಡು, ಬಂದ ದಿನ ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಅರವತ್ತು ವರ್ಷದವರು ಹನ್ನೆರಡು ವರ್ಷದವರಲ್ಲಿ ಕ್ಷಮೆ ಕೇಳುವುದು ಅಭ್ಯಾಸವಿಲ್ಲದ ಕೆಲಸ, ನಾಲಗೆ ತೊಡರಿತು. ಆ ಮಗುವಿನ ಕನ್ನಡ ಮನೆಯ ಮಟ್ಟಿಗಿನದು. "ಮೈ ತುಂಬಿದೆ" ಎಂಬುದನ್ನು ಅದು ಅಕ್ಷರಶಃ ಇಂಗ್ಲಿಷಿಗೆ ತಿರುಗಿಸಿಕೊಂಡು, ಇನ್ನು ಒಳಗೆ ಜಾಗವಿಲ್ಲದಷ್ಟು ತುಂಬಿದೆಯೆಂದು ಅರ್ಥಮಾಡಿಕೊಂಡಿತ್ತು. ಹಾಗಲ್ಲ, ನಮ್ಮಲ್ಲಿ ಅದು ಸಂತೋಷದ ಮಾತು ಎಂದು ವಿವರಿಸುತ್ತ, ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನೂ ಹೇಳಿದೆವು. "ತಾತ, ಈಗ ನಾನು ಕೊಡವೇ?" ಎಂದಿತು. ಅಜ್ಜಿಯು ಒಲೆಯ ಬಳಿಯಿಂದಲೇ, "ಅವರ ಗಾದೆಗಳನ್ನು ಕೇಳಬೇಡ, ರೊಟ್ಟಿ ತಿನ್ನು" ಎಂದಳು. ಆ ದಿನ ಮಗುವು ಒಂದು ರೊಟ್ಟಿಯನ್ನೂ ಇನ್ನೊಂದರ ಕಾಲುಭಾಗವನ್ನೂ ತಿಂದಿತು. ಒಮ್ಮೆಗೇ ಎಲ್ಲವೂ ನೆಟ್ಟಗಾಯಿತೆಂದು ವಾಚಕರು ತಿಳಿಯಬಾರದು. ಅಕ್ಟೋಬರಿನಲ್ಲಿ ಮತ್ತೆ ಹತ್ತು ದಿನ ತಟ್ಟೆಯ ಮೇಲೆ ಅನ್ನದ ಪ್ರಯಾಣ ನಡೆಯಿತು; ಶಿಕ್ಷಕಿಯೂ ಅಷ್ಟು ದಿನ ಎತ್ತುವ ಕೆಲಸವನ್ನು ತಪ್ಪಿಸಿದಳು. ತಿಂದರೆ ಮಾತ್ರ ಎತ್ತಬಹುದು ಎಂಬ ಆ ನಿಯಮವು ನಮ್ಮ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತು.

ಡಿಸೆಂಬರಿನ ಮೊದಲ ವಾರ, ನಾವು ಊರಿಗೆ ಹೊರಡುವುದಕ್ಕೆ ಎಂಟು ದಿನ ಮೊದಲು, ಅವರ ಸ್ಪರ್ಧೆ ನಡೆಯಿತು. ಗದ್ದಲವು ನಮ್ಮ ವಯಸ್ಸಿನವರಿಗೆ ಹೇಳಿಸಿದುದಲ್ಲ. ಎಲ್ಲರೂ ಮೇಲೆ ನೋಡುತ್ತಿದ್ದಾಗ ನಾವು ಕೆಳಗೆ, ಬಲಗಡೆಯ ಎರಡು ಅಂಗೈಗಳನ್ನು ಮಾತ್ರ ನೋಡುತ್ತಿದ್ದೆವು. ಬೆರಳುಗಳು ಆ ಪುಟ್ಟ ಪಾದದ ಸುತ್ತ ಮಡಚಿದುವು. ಮೊಣಕಾಲು ಬಾಗಿ ಎದ್ದಿತು. ತೋಳು ನೆಟ್ಟಗಾಗಿ ಅಲ್ಲಿಯೇ ನಿಂತಿತು. ಅವರ ತಂಡಕ್ಕೆ ನಾಲ್ಕನೆಯ ಸ್ಥಾನ ಬಂದಿತು. ಮೇಲಿದ್ದ ಹುಡುಗಿಯು ಇಳಿದವಳೇ ನಮ್ಮ ಮೊಮ್ಮಗಳ ಕುತ್ತಿಗೆಗೆ ಜೋತುಬಿದ್ದಳು. ಕಾರಿನಲ್ಲಿ ಬರುವಾಗ ಮಗುವು ನಮ್ಮ ಕಡೆಗೆ ತಿರುಗಿ, ಆ ಹುಡುಗಿಯೂ ಈಚೆಗೆ ಬೆಳೆಯುತ್ತಿದ್ದಾಳೆ, ಅವಳ ಪಾದದ ಅಳತೆ ದೊಡ್ಡದಾಗಿದೆ, ಹಿಡಿದವಳಿಗೆ ಗೊತ್ತಾಗುತ್ತದೆ ಎಂದಿತು. ಅವಳಿಗೆ ಹೇಳಿದೆಯಾ ಎಂದು ಕೇಳಿದೆವು. "ನಾನೇಕೆ ಹೇಳಲಿ?" ಎಂದಿತು.

ತೂಕದ ಯಂತ್ರವನ್ನು ನಮ್ಮ ಗೃಹಿಣಿಯು ಸೆಪ್ಟೆಂಬರಿನಲ್ಲಿಯೇ ಯಾರಿಗೂ ಹೇಳದೆ ಒಯ್ದು, ಕಾರು ನಿಲ್ಲಿಸುವ ಕೊಠಡಿಯಲ್ಲಿ ಸೋನಾಮಸೂರಿ ಅಕ್ಕಿಯ ಚೀಲಗಳ ಹಿಂದೆ ಇಟ್ಟಿದ್ದಳು. ಊರಿಗೆ ಬಂದಮೇಲೆ ಸೊಸೆಯು ದೂರವಾಣಿಯಲ್ಲಿ ಅದು ಎಲ್ಲಿದೆಯೆಂದು ಎರಡು ಸಲ ವಿಚಾರಿಸಿದಳು. ನಮ್ಮ ಮನೆಯವರು ನೆನಪಿಲ್ಲವೆಂದರು. ನಾವು ಪತ್ರಿಕೆಯನ್ನು ಓದುತ್ತಿದ್ದೆವು.